ಸ್ಟೆಂಟ್‌ಗೆ ದುಡ್ಡು ಕೊಡುವ ಪಾಲಿಸಿ ನಿಕೊಟಿನ್ ಗಮ್ಮಿಗೆ ಯಾಕೆ ಕೊಡುವುದಿಲ್ಲ?

ಎರಡು ವರ್ಷದ ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಆಗ ಅವರಿಗೆ 44 ವರ್ಷ. ಬಿಲ್ಲು ಲಕ್ಷಗಳಲ್ಲಿತ್ತು. ಕಂಪನಿಯ ಗ್ರೂಪ್ ಮೆಡಿಕ್ಲೇಮ್ ಇದ್ದುದರಿಂದ ಎಲ್ಲ ಕ್ಯಾಶ್‌ಲೆಸ್‌ನಲ್ಲೇ ಮುಗಿಯಿತು, ಮನೆಯವರು ಒಂದೆರಡು ಸಹಿ ಹಾಕಿ ಕರೆದುಕೊಂಡು ಬಂದರು. ಡಿಸ್‌ಚಾರ್ಜ್ ಚೀಟಿಯ ಕೊನೆಯಲ್ಲಿ ವೈದ್ಯರು ಸಿಗರೇಟು ಪೂರ್ತಿ ಬಿಡಬೇಕೆಂದು ಬರೆದು, ಸಿಗರೇಟಿನ ಆಸೆ ತಗ್ಗಿಸಲು ಅಗಿಯುವ ನಿಕೊಟಿನ್ ಗಮ್ಮು ಮತ್ತು ಕೌನ್ಸೆಲಿಂಗ್ ಸೂಚಿಸಿದ್ದರು. ಮುಂದಿನ ತಿಂಗಳು ಆ ಎರಡರ ಬಿಲ್ಲನ್ನು ಕ್ಲೇಮ್‌ಗೆ ಹಾಕಿದರು. ಒಂದೇ ಸಾಲಿನ ಉತ್ತರ ಬಂತು: ಪಾಲಿಸಿಯಲ್ಲಿ ಇದಕ್ಕೆ ಅವಕಾಶವಿಲ್ಲ.

ಮೊತ್ತ ದೊಡ್ಡದಲ್ಲ, ಅವರ ಸಂಬಳಕ್ಕೆ ಭಾರವೂ ಅಲ್ಲ. ಆದರೆ ಕ್ಯಾಂಟೀನಿನಲ್ಲಿ ಆ ಮೇಲ್ ತೋರಿಸುತ್ತಾ ಅವರು ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. ‘ರೋಗಕ್ಕೆ ಕೊಡ್ತಾರೆ, ರೋಗದ ಬೇರು ಕೀಳೋಕೆ ಕೇಳಿದ್ರೆ ಕೊಡಲ್ಲ ನೋಡಪ್ಪ.’

ಬೆಂಗಳೂರಿನ ಕಂಪನಿಗಳು ನೌಕರರ ಆರೋಗ್ಯದ ಬಗ್ಗೆ ಮಾತಾಡುವುದಕ್ಕೇನೂ ಕಡಿಮೆ ಮಾಡುವುದಿಲ್ಲ. ಮ್ಯಾರಥಾನ್, ಯೋಗ, ಹೆಜ್ಜೆ ಎಣಿಸುವ ಆ್ಯಪ್, ಮೇ 31ರ ವಿಶ್ವ ತಂಬಾಕು ರಹಿತ ದಿನಕ್ಕೆ ಒಂದು ವೆಬಿನಾರ್, ಲಿಫ್ಟಿನ ಪಕ್ಕ ಒಂದು ಪೋಸ್ಟರ್. ಇಷ್ಟೆಲ್ಲ ಇರುವ ಕಡೆ ತಂಬಾಕು ಬಿಡಲು ಹೊರಟವನಿಗೆ ನಿಜವಾಗಿ ಬೇಕಾದ ನಾಲ್ಕು ವಸ್ತು ಮಾತ್ರ ಸಿಗುವುದಿಲ್ಲ: ಔಷಧ, ಮಾತಾಡಲು ಒಬ್ಬರು, ಅದಕ್ಕೆ ಸಮಯ, ಮತ್ತು ಸೋತರೆ ಇನ್ನೊಮ್ಮೆ ಪ್ರಯತ್ನಿಸುವ ಅವಕಾಶ.

ಪಾಲಿಸಿಯೊಳಗಿನ ತೊಡಕು

ಗ್ರೂಪ್ ಮೆಡಿಕ್ಲೇಮ್ ಹುಟ್ಟಿದ್ದೇ ಆಸ್ಪತ್ರೆಯ ಹಾಸಿಗೆಯ ಲೆಕ್ಕದಲ್ಲಿ. ದಾಖಲಾಗಬೇಕು, ಡಿಸ್‌ಚಾರ್ಜ್ ಚೀಟಿ ಬರಬೇಕು, ಆಗ ಕ್ಲೇಮ್. ತಂಬಾಕು ಬಿಡಲು ಯಾರೂ ಅಡ್ಮಿಟ್ ಆಗುವುದಿಲ್ಲ. ಅದು ಪೂರ್ತಿ ಹೊರರೋಗಿ ಚಿಕಿತ್ಸೆ, ಎಂಟರಿಂದ ಹನ್ನೆರಡು ವಾರ ನಡೆಯುವಂಥದ್ದು. ಹೊರರೋಗಿ ಖರ್ಚನ್ನು ಸೇರಿಸಬೇಕಾದರೆ ಕಂಪನಿ ಬೇರೆಯಾಗಿ ಓಪಿಡಿ ಸೌಲಭ್ಯ ಕೊಂಡುಕೊಳ್ಳಬೇಕು. ಕೊಂಡುಕೊಂಡ ಕಂಪನಿಗಳಲ್ಲೂ ಕಣ್ಣಿನ ಪರೀಕ್ಷೆ, ಹಲ್ಲಿನ ಚಿಕಿತ್ಸೆ ಪಟ್ಟಿಯಲ್ಲಿರುತ್ತವೆ, ತಂಬಾಕಿನ ಹೆಸರು ಕಾಣುವುದು ಅಪರೂಪ.

ಇದರ ಜೊತೆಗೆ ಇನ್ನೊಂದು ಗೋಡೆ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯ ಹೊರಗಿಡಬಹುದಾದ ಅಂಶಗಳನ್ನು ಏಕರೂಪದ ಪಟ್ಟಿ ಮಾಡಿತು. ಅದರ 12ನೇ ಅಂಶ ಮದ್ಯವ್ಯಸನ, ಮಾದಕವಸ್ತು ಸೇವನೆ ‘ಅಥವಾ ಯಾವುದೇ ಚಟದ’ ಚಿಕಿತ್ಸೆಯನ್ನು ಹೊರಗಿಡುತ್ತದೆ. ತಂಬಾಕನ್ನು ಹೆಸರು ಹಿಡಿದು ಹೇಳಬೇಕಾದ ಅಗತ್ಯವೇ ಇಲ್ಲ, ‘ಯಾವುದೇ ಚಟ’ ಎಂಬ ಎರಡು ಪದಕ್ಕೆ ಅದು ಸಿಕ್ಕಿಬೀಳುತ್ತದೆ. ಇದೇ ದೇಶದ 2022ರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ನಿಕೊಟಿನ್ ಬದಲಿ ಚಿಕಿತ್ಸೆಗೆ, ಅಂದರೆ ಈ ಗಮ್ಮಿನಂಥವಕ್ಕೆ, ಜಾಗ ಸಿಕ್ಕಿದೆ. ಒಂದು ಪಟ್ಟಿ ಅದನ್ನು ಅಗತ್ಯ ಔಷಧ ಎನ್ನುತ್ತದೆ, ಇನ್ನೊಂದು ಪಟ್ಟಿ ಅದೇ ಚಿಕಿತ್ಸೆಯನ್ನು ಚಟದವನ ಸ್ವಂತ ಖರ್ಚು ಎನ್ನುತ್ತದೆ. ಮಧ್ಯೆ ಸಿಕ್ಕಿಕೊಂಡವನು ನೌಕರ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ಗ್ರೂಪ್ ಪಾಲಿಸಿ ಚೌಕಾಸಿಯ ವಸ್ತು. ಹೆರಿಗೆ ಖರ್ಚು, ಹೆತ್ತವರ ಸೇರ್ಪಡೆ, ಮೊದಲ ದಿನದಿಂದಲೇ ಹಳೆ ಕಾಯಿಲೆಗೆ ರಕ್ಷಣೆ, ಇವೆಲ್ಲ ಕಂಪನಿಗಳು ಕೇಳಿ, ಪ್ರೀಮಿಯಂ ಕಟ್ಟಿ ಸೇರಿಸಿಕೊಂಡ ಸೌಲಭ್ಯಗಳೇ. ತಂಬಾಕು ಚಿಕಿತ್ಸೆಯನ್ನು ಯಾರೂ ಕೇಳಿಲ್ಲ, ಅದಕ್ಕೇ ಅದು ಇಲ್ಲ.

ಯಾವುದು ಕೆಲಸ ಮಾಡುತ್ತದೆ

ಮನಸ್ಸು ಗಟ್ಟಿ ಮಾಡಿದರೆ ಸಾಕು ಎನ್ನುವವರು ನಮ್ಮಲ್ಲಿ ಬಹಳ. ‘ನಾನು ಒಂದೇ ದಿನದಲ್ಲಿ ಎಸೆದೆ’ ಎನ್ನುವ ಒಬ್ಬ ಮಾವ ಪ್ರತಿ ಮನೆಯಲ್ಲೂ ಇರುತ್ತಾನೆ. ಅವನ ಮಾತು ಸುಳ್ಳಲ್ಲ, ಆದರೆ ಅವನಂಥವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಯಾವ ನೆರವೂ ಇಲ್ಲದ ಪ್ರಯತ್ನಗಳಲ್ಲಿ ನೂರಕ್ಕೆ ಸುಮಾರು ನಾಲ್ಕು ಮಾತ್ರ ದಡ ಸೇರುತ್ತವೆ. ಕೌನ್ಸೆಲಿಂಗ್ ಮತ್ತು ಔಷಧ ಸೇರಿದರೆ ಈ ಅವಕಾಶ ದುಪ್ಪಟ್ಟಿಗಿಂತ ಹೆಚ್ಚುತ್ತದೆ. ಅದೇ ಸಂಸ್ಥೆ 2024ರ ಜುಲೈನಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆಗೆಂದೇ ಮೊದಲ ಮಾರ್ಗಸೂಚಿ ತಂದಿತು. ನಿಕೊಟಿನ್ ಬದಲಿ, ವರೆನಿಕ್ಲಿನ್, ಬ್ಯುಪ್ರೊಪಿಯಾನ್, ಸೈಟಿಸಿನ್ ಎಂಬ ನಾಲ್ಕು ಔಷಧಮಾರ್ಗಗಳನ್ನೂ ಜೊತೆಗೆ ಕೌನ್ಸೆಲಿಂಗನ್ನೂ ಅದು ಶಿಫಾರಸು ಮಾಡುತ್ತದೆ.

ಕೆಲಸದ ಜಾಗದ ಕಾರ್ಯಕ್ರಮಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ 2014ರ ಪರಿಶೀಲನೆಯೂ ಇದನ್ನೇ ಹೇಳಿತು. ಒಬ್ಬೊಬ್ಬರೊಂದಿಗೆ ಅಥವಾ ಗುಂಪಿನಲ್ಲಿ ಕೂತು ಮಾಡುವ ಕೌನ್ಸೆಲಿಂಗ್ ಮತ್ತು ಔಷಧ, ಬೇರೆಡೆ ಎಷ್ಟು ಕೆಲಸ ಮಾಡುತ್ತವೋ ಕಂಪನಿಯಲ್ಲೂ ಅಷ್ಟೇ ಮಾಡುತ್ತವೆ. ಕೈಗೊಂದು ಪುಸ್ತಿಕೆ ಕೊಟ್ಟು ಕಳಿಸುವುದರಿಂದ ಆಗುವ ಫಲ ಅದಕ್ಕಿಂತ ಬಹಳ ಕಡಿಮೆ. ನಮ್ಮ ಪೋಸ್ಟರು, ವೆಬಿನಾರು ಈ ಎರಡನೇ ಜಾತಿಯವು.

ಗಮ್ಮಿನ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಕೌನ್ಸೆಲಿಂಗ್ ಯಾಕೆ ಬೇಕು ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ನನ್ನ ಆ ಹಿರಿಯ ಸಹೋದ್ಯೋಗಿ ಕೊನೆಗೆ ಸ್ವಂತ ದುಡ್ಡಲ್ಲೇ ಗಮ್ಮು ತಂದರು. 2 ಮಿಲಿಗ್ರಾಮಿನದು ವೈದ್ಯರ ಚೀಟಿ ಇಲ್ಲದೆಯೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬೆಳಿಗ್ಗೆ ಹತ್ತೂವರೆಗೆ ಕೆಫೆಟೀರಿಯಾದಲ್ಲಿ ಫಿಲ್ಟರ್ ಕಾಫಿ ಕುಡಿಯುತ್ತಾ ಚ್ಯೂಯಿಂಗ್ ಗಮ್ಮಿನ ಹಾಗೆ ಎಡಬಿಡದೆ ಅಗಿದರು. ಬಿಕ್ಕಳಿಕೆ ಬಂತು, ಗಂಟಲು ಉರಿಯಿತು, ಸಿಗರೇಟಿನ ಆಸೆ ಮಾತ್ರ ಹೋಗಲಿಲ್ಲ. ನಾಲ್ಕನೇ ದಿನ ‘ಇದು ದಂಡ’ ಎಂದು ಡ್ರಾಯರಿಗೆ ಹಾಕಿದರು.

ತಪ್ಪು ಗಮ್ಮಿನದಲ್ಲ. ಈ ಗಮ್ಮನ್ನು ನಿಧಾನವಾಗಿ ನಾಲ್ಕಾರು ಸಲ ಅಗಿದು, ಖಾರದ ಚುರುಕು ಬಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಕಡಿಮೆಯಾದಾಗ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ನಿಕೊಟಿನ್ ರಕ್ತಕ್ಕೆ ಸೇರುವುದು ಬಾಯಿಯ ಒಳಪದರದ ಮೂಲಕ. ನುಂಗಿದ್ದೆಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಆಗುತ್ತದೆ. ಕಾಫಿ, ಹಣ್ಣಿನ ರಸ, ಸೋಡಾದಂಥ ಹುಳಿ ಅಂಶದ ಪಾನೀಯಗಳು ಬಾಯಲ್ಲಿದ್ದರೆ ಆ ಹೀರಿಕೆಯೇ ಕುಗ್ಗುತ್ತದೆ. ಅದಕ್ಕೇ ಗಮ್ಮಿಗೆ ಮೊದಲು ಕಾಲು ಗಂಟೆ ಮತ್ತು ಅಗಿಯುವಷ್ಟು ಹೊತ್ತು ನೀರಲ್ಲದೆ ಬೇರೇನೂ ಕುಡಿಯಬಾರದು. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಮಿನದೇ ಬೇಕಾಗುತ್ತದೆ. ಅವರು ಅಂಥವರೇ ಆಗಿದ್ದರು.

ಕಾಫಿಯ ಬಗ್ಗೆಯೇ ಇನ್ನೊಂದು ಮಾತು. ಸಿಗರೇಟಿನ ಹೊಗೆಯಲ್ಲಿರುವ ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ, ಕೆಫೀನನ್ನು ಬೇಗ ಹೊರಹಾಕಿಸುತ್ತವೆ. ಸಿಗರೇಟು ನಿಂತರೆ ಆ ವೇಗ ತಗ್ಗುತ್ತದೆ. ದಿನಕ್ಕೆ ಐದು ಕಾಫಿ ಕುಡಿದು ಆರಾಮಾಗಿದ್ದವರಿಗೆ ಅದೇ ಐದು ಕಾಫಿ ಈಗ ಕೈನಡುಕ, ನಿದ್ದೆಗೇಡು, ಸಿಡುಕು ತರುತ್ತದೆ. ಅದನ್ನು ಅವರು ಸಿಗರೇಟು ಬಿಟ್ಟ ಸಂಕಟ ಎಂದುಕೊಂಡು ಮತ್ತೆ ಸಿಗರೇಟಿಗೇ ಹೋಗುತ್ತಾರೆ. ಬಿಟ್ಟ ಮೊದಲ ವಾರಗಳಲ್ಲಿ ಕಾಫಿಯನ್ನು ಅರ್ಧಕ್ಕೆ ಇಳಿಸಿ ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಪೋಸ್ಟರ್ ಇದನ್ನು ಹೇಳುವುದಿಲ್ಲ. ಎದುರು ಕೂತು ‘ದಿನಕ್ಕೆ ಎಷ್ಟು ಕಾಫಿ ಕುಡೀತೀರಿ ಸರ್?’ ಎಂದು ಕೇಳುವ ಒಬ್ಬ ಕೌನ್ಸೆಲರ್ ಹೇಳುತ್ತಾರೆ. ಆ ಇಪ್ಪತ್ತು ನಿಮಿಷಕ್ಕೆ ದುಡ್ಡು ಕೊಡುವುದು ಸೌಲಭ್ಯ ಎನ್ನಿಸಿಕೊಳ್ಳುತ್ತದೆ.

ಬಹುಮಾನವೋ ದಂಡವೋ

ಅಮೆರಿಕದಲ್ಲಿ ಕಂಪನಿಗಳು ದುಡ್ಡಿನ ಆಸೆ ತೋರಿಸಿ ನೋಡಿವೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ 878 ನೌಕರರ ಮೇಲಿನ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಹಂತ ಹಂತವಾಗಿ ಒಟ್ಟು 750 ಡಾಲರ್‌ವರೆಗೆ ಕೊಟ್ಟ ಗುಂಪಿನಲ್ಲಿ ಸುಮಾರು ಒಂದು ವರ್ಷದ ಹೊತ್ತಿಗೆ ಶೇ. 14.7 ಜನ ಬಿಟ್ಟಿದ್ದರು. ಬರೀ ಮಾಹಿತಿ ಕೊಟ್ಟ ಗುಂಪಿನಲ್ಲಿ ಶೇ. 5. ದುಡ್ಡು ನಿಂತು ಆರು ತಿಂಗಳಾದ ಮೇಲೆ ನೋಡಿದರೆ ಎರಡೂ ಕಡೆ ಇಳಿದಿತ್ತು, ಶೇ. 9.4 ಮತ್ತು 3.6. ಆದರೂ ಅಂತರ ಉಳಿದಿತ್ತು. 2015ರಲ್ಲಿ ಪ್ರಕಟವಾದ ಸಿವಿಎಸ್ ಎಂಬ ಔಷಧ ಮಳಿಗೆಗಳ ಕಂಪನಿಯ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಂತು. ‘ಬಿಟ್ಟರೆ ಬಹುಮಾನ’ ಎಂದಾಗ ನೂರಕ್ಕೆ 90 ಜನ ಒಪ್ಪಿದರು. ‘ಮೊದಲು ನಿಮ್ಮ 150 ಡಾಲರ್ ಠೇವಣಿ ಇಡಿ, ಬಿಡದಿದ್ದರೆ ಅದು ಹೋಯಿತು’ ಎಂದಾಗ ಒಪ್ಪಿದವರು 14ಕ್ಕಿಂತ ಕಡಿಮೆ.

ಜಪಾನಿನ ಪಿಯಾಲಾ ಎಂಬ ಕಂಪನಿ 2017ರಲ್ಲಿ ಸೇದದ ನೌಕರರಿಗೆ ವರ್ಷಕ್ಕೆ ಆರು ದಿನ ಹೆಚ್ಚುವರಿ ಸಂಬಳಸಹಿತ ರಜೆ ಕೊಟ್ಟು ಸುದ್ದಿಯಾಯಿತು. ಸೇದುವವರು ಎದ್ದು ಹೋಗುತ್ತಾರೆ, ಆ ಹೊತ್ತಿನ ಕೆಲಸ ನಮ್ಮ ಮೇಲೆ ಬೀಳುತ್ತದೆ ಎಂಬ ದೂರಿಗೆ ಅದು ಉತ್ತರ. ಇದೇ ದೂರು ನಮ್ಮ ಕಚೇರಿಗಳಲ್ಲೂ ಇದೆ, ನ್ಯಾಯವಾದದ್ದೂ ಹೌದು.

ಆದರೆ ದಂಡದ ಕಡೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಕಾನೂನು ತಂಬಾಕು ಬಳಸುವ ನೌಕರರಿಂದ ಶೇ. 50ರವರೆಗೆ ಹೆಚ್ಚು ಪ್ರೀಮಿಯಂ ಪಡೆಯಲು ಅವಕಾಶ ಕೊಟ್ಟಿದೆ. ಅಲ್ಲೂ ಬಿಡಿಸುವ ಕಾರ್ಯಕ್ರಮಕ್ಕೆ ಸೇರಿದವರಿಗೆ ಅದರಿಂದ ತಪ್ಪಿಸಿಕೊಳ್ಳುವ ದಾರಿ ಕೊಡಲೇಬೇಕು. ಬೆಂಗಳೂರಿನಲ್ಲಿ ಇಂಥದ್ದು ಬಂದರೆ ಮೊದಲು ಆಗುವುದು ಮುಚ್ಚಿಡುವಿಕೆ. ಈಗಲೇ ವಾರ್ಷಿಕ ತಪಾಸಣೆಯ ಫಾರಂನಲ್ಲಿ ‘ಧೂಮಪಾನ: ಇಲ್ಲ’ ಎಂದು ಟಿಕ್ ಮಾಡಿ ಹೊರಗೆ ಬಂದು ಹಚ್ಚುವವರಿದ್ದಾರೆ. ಎಚ್‌ಆರ್‌ಗೆ ಗೊತ್ತಾದರೆ ಅಪ್ರೈಸಲ್‌ಗೆ ಹೊಡೆತ ಬೀಳುತ್ತದೆಂಬ ಭಯ ಅವರದು. ಹೆಣ್ಣುಮಕ್ಕಳಿಗಂತೂ ಈ ಭಯ ಇನ್ನೂ ಹೆಚ್ಚು. ಮನೆಯವರಿಗೆ ತಿಳಿದೀತು ಎಂಬ ಅಂಜಿಕೆ ಬೇರೆ.

ಪರೀಕ್ಷೆ ಮಾಡಿ ಪತ್ತೆ ಹಚ್ಚಿದರಾಯಿತು ಎನ್ನುವವರಿಗೂ ಒಂದು ಎಚ್ಚರಿಕೆ. ಮೂತ್ರ ಅಥವಾ ಎಂಜಲಿನಲ್ಲಿ ಕೊಟಿನಿನ್ (ನಿಕೊಟಿನ್ ದೇಹದೊಳಗೆ ಮಾರ್ಪಟ್ಟು ಆಗುವ ಅಂಶ) ನೋಡುವ ಪರೀಕ್ಷೆಗೆ ಸಿಗರೇಟಿನ ನಿಕೊಟಿನ್ ಯಾವುದು, ಗಮ್ಮಿನದು ಯಾವುದು ಎಂಬ ಭೇದ ತಿಳಿಯುವುದಿಲ್ಲ. ಪ್ರಾಮಾಣಿಕವಾಗಿ ಬಿಡುತ್ತಾ ಗಮ್ಮು ಅಗಿಯುತ್ತಿರುವವನೇ ಅದರಲ್ಲಿ ಸಿಕ್ಕಿಬೀಳುತ್ತಾನೆ. ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರ ಹೊಗೆಯನ್ನು ಹಿಡಿಯುತ್ತದೆ, ಗುಟ್ಕಾ-ಕಡ್ಡಿಪುಡಿಯನ್ನು ಹಿಡಿಯುವುದಿಲ್ಲ.

ಅಗಿಯುವವರು ಎಲ್ಲಿ ಹೋದರು

ಕಂಪನಿಗಳ ಕಾರ್ಯಕ್ರಮದ ಪೋಸ್ಟರುಗಳಲ್ಲಿ ಸಾಮಾನ್ಯವಾಗಿ ಮುರಿದ ಸಿಗರೇಟಿನ ಚಿತ್ರವೇ ಇರುತ್ತದೆ. ಆದರೆ 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ 15 ದಾಟಿದವರ ಪೈಕಿ ತಂಬಾಕು ಬಳಸುವವರು ಶೇ. 22.8, ಸೇದುವವರು ಶೇ. 8.8, ಅಗಿಯುವಂಥ ಹೊಗೆರಹಿತ ತಂಬಾಕಿನವರು ಶೇ. 16.3. ಹತ್ತಿರ ಹತ್ತಿರ ಎರಡು ಪಟ್ಟು. ಅವರೂ ಈ ಊರಲ್ಲೇ ಕೆಲಸ ಮಾಡುತ್ತಾರೆ.

ನನ್ನ ಭಾವ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್. ಇಪ್ಪತ್ತೆರಡು ವರ್ಷದಿಂದ ಕಡ್ಡಿಪುಡಿ. ಅಂಗೈಯಲ್ಲಿ ಸುಣ್ಣದ ಜೊತೆ ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸಿ, ಕೆಳದುಟಿಯ ಒಳಗೆ ಇಟ್ಟುಕೊಳ್ಳುತ್ತಾರೆ. ಯಾಕೆ ಬೀಡಿ ಅಲ್ಲ ಎಂದು ಒಮ್ಮೆ ಕೇಳಿದ್ದೆ. ಎಣ್ಣೆ ಇರುವ ಜಾಗದಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಮಿಷನ್ ಬಿಟ್ಟು ಹೊರಗೆ ಹೋಗುವ ಹಾಗೂ ಇಲ್ಲ. ತುಟಿಯೊಳಗೆ ಇಟ್ಟುಕೊಂಡರೆ ಎರಡು ಕೈಯೂ ಕೆಲಸಕ್ಕೆ ಉಳಿಯುತ್ತವೆ. ಬಿಡುವು ಕೊಡದ ಕೆಲಸವೇ ಅವರ ಚಟದ ಆಕಾರವನ್ನು ತೀರ್ಮಾನಿಸಿದೆ.

ಅವರ ಫ್ಯಾಕ್ಟರಿಯಲ್ಲಿ ವರ್ಷಕ್ಕೊಮ್ಮೆ ಕ್ಯಾಂಪ್ ಆಗುತ್ತದೆ. ಬಿಪಿ, ಶುಗರ್, ಕಣ್ಣು. ಇಷ್ಟು ವರ್ಷದಲ್ಲಿ ಒಬ್ಬರೂ ಬಾಯಿ ತೆರೆಯಿರಿ ಎಂದಿಲ್ಲ. ಕೆಳದುಟಿಯ ಒಳಗೆ ಬೆಳ್ಳಗಿನ ಮಚ್ಚೆ ಇರುವುದನ್ನು ಕಂಡವಳು ಅಕ್ಕ. ಅಲ್ಲಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದೆವು. ಕ್ಯಾನ್ಸರ್ ಅಲ್ಲ, ಆದರೆ ಬಿಡದಿದ್ದರೆ ಆಗಬಹುದಾದ್ದು ಎಂದರು. ಒಂದು ಟಾರ್ಚು, ಒಂದು ನಿಮಿಷ, ಇಷ್ಟೇ ಬೇಕಾಗಿದ್ದದ್ದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಮಾಡಿಸುವುದು ಮಾಲೀಕರ ಹೊಣೆಯಾಗಿದೆ. ಆ ತಪಾಸಣೆಯಲ್ಲಿ ಬಾಯಿಯ ಪರೀಕ್ಷೆಯೂ, ತಂಬಾಕಿನ ಬಗ್ಗೆ ಒಂದು ಪ್ರಶ್ನೆಯೂ ಸೇರಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಭಾವನಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಅನ್ವಯ. ಮಾಲೀಕರು ಸಂಬಳದ ಶೇ. 3.25, ಕಾರ್ಮಿಕರು ಶೇ. 0.75 ಕಟ್ಟುತ್ತಾರೆ. ಗ್ರೂಪ್ ಮೆಡಿಕ್ಲೇಮ್‌ಗೆ ಇಲ್ಲದ ಒಂದು ಗುಣ ಇದಕ್ಕಿದೆ: ಡಿಸ್ಪೆನ್ಸರಿ, ಅಂದರೆ ಹೊರರೋಗಿ ಚಿಕಿತ್ಸೆಯೇ ಇದರ ಬುನಾದಿ. ಲಕ್ಷಗಟ್ಟಲೆ ಸಂಬಳದ ಇಂಜಿನಿಯರನ ಪಾಲಿಸಿಗಿಂತ ಗಾರ್ಮೆಂಟ್ಸ್ ಹೆಣ್ಣುಮಗಳ ಇಎಸ್‌ಐ ಕಾರ್ಡು ಈ ಒಂದು ವಿಷಯದಲ್ಲಿ ಉತ್ತಮ ಸಾಧನ. ಟೆಕ್ ಪಾರ್ಕುಗಳ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು ಏಜೆನ್ಸಿ ಮೂಲಕ ಬರುವವರು. ಕಂಪನಿಯ ವೆಲ್‌ನೆಸ್ ಆ್ಯಪಿಗೆ ಅವರ ಲಾಗಿನ್ ಇಲ್ಲ, ಅವರ ಪಾಲಿಗೆ ಇರುವುದೂ ಇಎಸ್‌ಐಯೇ. ತಂಬಾಕು ಬಿಡಿಸುವ ಔಷಧವೂ ಕೌನ್ಸೆಲಿಂಗೂ ಪ್ರತಿ ಡಿಸ್ಪೆನ್ಸರಿಯ ದಿನನಿತ್ಯದ ಕೆಲಸವಾದರೆ ಈ ಊರಿನಲ್ಲಿ ಅತಿ ಹೆಚ್ಚು ಜನರಿಗೆ ತಲುಪುವ ಸೌಲಭ್ಯ ಅದೇ ಆಗುತ್ತದೆ.

ಭಾವನ ಹತ್ತಿರವಿದ್ದ ಪ್ಯಾಕೆಟ್ಟಿನ ಮೇಲೆಯೇ 1800-11-2356 ಎಂಬ ನಂಬರಿತ್ತು. 2018ರ ಸೆಪ್ಟೆಂಬರಿನಿಂದ ಎಲ್ಲ ತಂಬಾಕು ಪ್ಯಾಕುಗಳ ಮೇಲೂ ಇದನ್ನು ಮುದ್ರಿಸಬೇಕು. ತಂಬಾಕು ಬಿಡಲು ಫೋನಿನಲ್ಲೇ ನೆರವು ಕೊಡುವ ರಾಷ್ಟ್ರೀಯ ಕ್ವಿಟ್‌ಲೈನ್ ಅದು, ಉಚಿತ. ದಕ್ಷಿಣದ ಭಾಷೆಗಳ ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು. ಭಾನುವಾರ ಸ್ಪೀಕರ್ ಹಾಕಿ ಕೂತೆವು. ಎದ್ದ ಎಷ್ಟು ಹೊತ್ತಿಗೆ ಮೊದಲ ಸಲ ಹಾಕ್ಕೊಳ್ತೀರಿ ಎಂದು ಆ ಕಡೆಯ ಕೌನ್ಸೆಲರ್ ಕೇಳಿದರು. ‘ಮುಖ ತೊಳೆಯೋಕೂ ಮುಂಚೆ ಮೇಡಂ’ ಅಂದರು ಭಾವ. ಯಾವಾಗ ತಡೆಯೋಕೆ ಕಷ್ಟ ಎಂದದ್ದಕ್ಕೆ, ‘ಕೈಗೆ ಕೆಲಸ ಇರೋ ತನಕ ಪರವಾಗಿಲ್ಲ, ಊಟ ಆದ್ಮೇಲೆ ಆಗಲ್ಲ.’ ಬಿಡುವ ದಿನ ಗೊತ್ತು ಮಾಡಿದರು, ಊಟದ ನಂತರಕ್ಕೆ ಏಲಕ್ಕಿ-ಲವಂಗ ಜೇಬಿನಲ್ಲಿ ಇಟ್ಟುಕೊಳ್ಳಲು ಹೇಳಿದರು, ತಾವೇ ಮತ್ತೆ ಕರೆ ಮಾಡುತ್ತೇವೆ ಎಂದರು.

ತೊಂದರೆ ಅಲ್ಲಿಂದಲೇ ಶುರು. ಶಿಫ್ಟಿನಲ್ಲಿ ಫೋನು ಲಾಕರಿನಲ್ಲಿ. ಅವರು ಕರೆ ಮಾಡಿದಾಗ ಇವರು ಲೇತ್ ಮುಂದೆ. ಭಾವನಿಗೆ ಕಂಪನಿಯಿಂದ ಬೇಕಾಗಿದ್ದದ್ದು ದುಡ್ಡಲ್ಲ, ವಾರಕ್ಕೆ ಕಾಲು ಗಂಟೆ ಫೋನು ಕೈಗೆ ಕೊಟ್ಟು ಕೂರಲು ಒಂದು ಸದ್ದಿಲ್ಲದ ಜಾಗ.

ಕಾನೂನಿನ ಕಡೆಯಿಂದ ಒತ್ತಡ ಹೆಚ್ಚಿದೆ. 2003ರ ಕೇಂದ್ರ ಕಾಯ್ದೆ ಸ್ಮೋಕಿಂಗ್ ಏರಿಯಾಕ್ಕೆ ಅವಕಾಶ ಕೊಟ್ಟದ್ದು ವಿಮಾನ ನಿಲ್ದಾಣ, 30 ಕೊಠಡಿಯ ಹೋಟೆಲು, 30 ಸೀಟಿನ ರೆಸ್ಟೋರೆಂಟಿಗೆ ಮಾತ್ರ. ಕಚೇರಿ ಆ ಪಟ್ಟಿಯಲ್ಲಿಲ್ಲ. 2024ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ತನ್ನ ಕಚೇರಿಗಳಲ್ಲಿ ಸೇದುವುದನ್ನೂ ಅಗಿಯುವುದನ್ನೂ ನಿಷೇಧಿಸಿತು. 2025ರಲ್ಲಿ ಜಾರಿಯಾದ ಕರ್ನಾಟಕದ ತಿದ್ದುಪಡಿ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು, ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಒಳ್ಳೆಯದೇ. ಗೇಟಿನಿಂದ ಹೊರಗೆ ತಳ್ಳಿದ ಮೇಲೆ ಬಿಡಿಸುವ ನೆರವನ್ನೂ ಕೊಡಬೇಕಲ್ಲ.

ಪಾಲಿಸಿ ನವೀಕರಣದ ಹೊತ್ತಿಗೆ ಎಚ್‌ಆರ್‌ನವರು ಬ್ರೋಕರ್ ಜೊತೆ ಕೂರುತ್ತಾರೆ. ಆ ಮೇಜಿನ ಮೇಲೆ ಇಡಬೇಕಾದ ಬೇಡಿಕೆ ನನ್ನ ಪ್ರಕಾರ ಇದು: ‘ಯಾವುದೇ ಚಟ’ ಎಂಬ ಹೊರಗಿಡುವಿಕೆಯಿಂದ ತಂಬಾಕನ್ನು ಬಿಡಿಸಿ, ಸೇದುವವರಿಗೂ ಅಗಿಯುವವರಿಗೂ ಹನ್ನೆರಡು ವಾರದ ಔಷಧ ಮತ್ತು ಕೌನ್ಸೆಲಿಂಗನ್ನು ಓಪಿಡಿಯಲ್ಲಿ ಸೇರಿಸುವುದು, ಅದನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಳಸಲು ಬಿಡುವುದು, ಯಾರು ಬಳಸಿದರು ಎಂಬ ಹೆಸರು ಕಂಪನಿಗೆ ಬಾರದಂತೆ, ಬರೀ ಎಣಿಕೆ ಮಾತ್ರ ಬರುವಂತೆ ಬರೆಸುವುದು. ಒಬ್ಬರಿಗೆ ತಗಲುವುದು ಕೆಲವು ಸಾವಿರ ರೂಪಾಯಿ. ಸ್ಟೆಂಟಿನ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿ. ವಿಮೆ ಒಪ್ಪದಿದ್ದರೆ ಕಂಪನಿ ತನ್ನ ವೆಲ್‌ನೆಸ್ ದುಡ್ಡಿನಲ್ಲೇ ಇದನ್ನು ಮಾಡಬಹುದು.

ಒಂದಕ್ಕಿಂತ ಹೆಚ್ಚು ಸಲ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಭಾವ ಏಳು ವಾರ ಬಿಟ್ಟಿದ್ದರು. ನೆಲಮಂಗಲದ ಹತ್ತಿರ ಒಂದು ಬೀಗರೂಟಕ್ಕೆ ಹೋದಾಗ ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಬಂತು, ಪಕ್ಕದವರು ಅಂಗೈಯಲ್ಲಿ ತಿಕ್ಕಿ ಚಾಚಿದರು. ಆಮೇಲಿನ ಮೂರು ದಿನ ಅಕ್ಕನಿಗೂ ಹೇಳಲಿಲ್ಲ. ಕ್ವಿಟ್‌ಲೈನಿನಿಂದ ಕರೆ ಬಂದಾಗ ಬೈಯುತ್ತಾರೆಂದುಕೊಂಡಿದ್ದರಂತೆ. ‘ಏಳು ವಾರ ಹೇಗೆ ತಡೆದಿರಿ ಅದನ್ನ ಹೇಳಿ’ ಎಂದು ಕೇಳಿ, ಹೊಸ ದಿನಾಂಕ ಗೊತ್ತು ಮಾಡಿದರು.

ಈ ಸಲ ಭಾವ ಸೂಪರ್‌ವೈಸರ್ ಹತ್ತಿರ ತಾವೇ ಹೋಗಿ ಕೇಳಿದ್ದಾರೆ. ಬುಧವಾರ ಮಧ್ಯಾಹ್ನ ಎರಡೂವರೆಗೆ ಟೈಮ್ ಆಫೀಸಿನ ಹಿಂದಿನ ಸ್ಟೋರ್ ರೂಮಿನಲ್ಲಿ ಹದಿನೈದು ನಿಮಿಷ ಫೋನ್ ಹಿಡಿದು ಕೂರಲು ಒಪ್ಪಿಗೆ ಸಿಕ್ಕಿದೆ. ಅವರದೇ ಲೈನಿನ ಇನ್ನಿಬ್ಬರು ಆ ನಂಬರು ಬರೆದುಕೊಂಡಿದ್ದಾರೆ.